ಗುಂಡು ರಸ್ತೆಯಲ್ಲಿ ಎರಡು ರೂಮು

"ಒಂದು ರೂಮು ಸಾಕು," ಎಂದರು ಅತ್ತೆ, ಕಾರಿನ ಬಾಗಿಲು ಹಾಕಿಕೊಳ್ಳುವ ಮೊದಲೇ.

"ಎರಡು," ಎಂದೆ ನಾನು.

"ಒಂದೂವರೆ ನೋಡೋಣ್ವಾ ಅಮ್ಮಾ?" ಎಂದ ಸ್ಟೇರಿಂಗ್ ಹಿಡಿದು ಕೂತಿದ್ದ ದಲ್ಲಾಳಿ. "ಈಗ ಎಲ್ಲಾರೂ ಒಂದೂವರೇನೇ ತಗೋತಾ ಇದಾರೆ."

ಅರ್ಧ ರೂಮಿನಲ್ಲಿ ಏನು ಮಾಡುತ್ತಾರೆ ಎಂದು ಅತ್ತೆ ಕೇಳಿದರು. ಅವನು "ಮಗು ಓದ್ಕೊಳ್ಳೋಕೆ" ಎಂದು ಶುರು ಮಾಡಿ, ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ನೋಡಿ, "ಇಸ್ತ್ರಿ ಮಾಡ್ಕೊಳ್ಳೋಕೆ" ಎಂದು ತಿದ್ದಿಕೊಂಡ.

ನಾವಿದ್ದ ಬಾಡಿಗೆ ಮನೆಯ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಹದಿನೆಂಟು ಮಹಡಿ ಎಬ್ಬಿಸುವವರಿದ್ದರು. ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ನನ್ನ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವನ ಕೆಲಸದ ಕಡೆಯಿಂದ ಬಂದ ಹಣದಲ್ಲಿ ಇನ್ನು ಬಿಟ್ಟು ಹೋಗಬೇಕಾಗದಂಥ ಒಂದು ಮನೆ ಕೊಂಡುಕೋ, ನಿನ್ನ ಹೆಸರಲ್ಲೇ ಇರಲಿ ಎಂದು ಅತ್ತೆ ಹೇಳಿದ್ದರು. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಸೋಮವಾರ ಅವರು ನನ್ನ ನಾದಿನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ಇವಳಿಗೆ ಒಂದು ರೂಮಿಂದು ಕೊಡಿಸಿಬಿಟ್ಟು ತಿಂಗಳ ಕೊನೆಗೆ ನಿನ್ನ ಮನೆಗೆ ಬರ್ತೀನಿ. ಆ ರೂಮಿನ ಸಾಮಾನೆಲ್ಲ ತೆಗೆಸಿಡು."

ಹಾಗಾಗಿ ಎರಡನೇ ರೂಮು ನನಗೆ ಬೇಕೇ ಬೇಕಿತ್ತು. ಅದಿಲ್ಲದಿದ್ದರೆ ಅತ್ತೆ ಇಲ್ಲ. 'ಹೋಗಬೇಡಿ' ಎಂದು ನೇರ ಹೇಳಬಹುದಿತ್ತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಯಾರನ್ನೂ ಏನನ್ನೂ ಕೇಳಿಕೊಂಡಿರಲಿಲ್ಲ. ಬಾಯಿಗೆ ಅಭ್ಯಾಸ ತಪ್ಪಿತ್ತು. "ಎರಡು" ಎಂದಷ್ಟೇ ಹೇಳುತ್ತಿದ್ದೆ.

ಅತ್ತೆ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಊರು ಅವರಿಗೆ ಸ್ಟಾಪುಗಳ ಲೆಕ್ಕದಲ್ಲಿ ಗೊತ್ತು. ಮನೆ ಎಷ್ಟು ಚದರಡಿ ಎಂದು ಅವರು ಕೇಳುವುದಿಲ್ಲ. ಎಷ್ಟು ಬಸ್ಸು ಎಂದು ಕೇಳುತ್ತಾರೆ. ನಾನು ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವಳು, ಅದೂ ಮುಂದಿನ ಇಪ್ಪತ್ತು ವರ್ಷದ ನಕ್ಷೆ. ಯಾವ ಖಾಲಿ ಜಾಗ ಮುಂದೆ ಏನಾಗುತ್ತದೆ ಎಂದು ಬಣ್ಣ ತುಂಬುವುದು ನನ್ನ ಕೆಲಸ. ನಮ್ಮಿಬ್ಬರ ನಡುವೆ ಸಿಕ್ಕಿಬಿದ್ದ ದಲ್ಲಾಳಿಯ ಗತಿ ಆ ದಿನ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದಾಗಿತ್ತು.

ಮೊದಲ ಮನೆ ಊರಿನ ಉತ್ತರದ ತುದಿಯಲ್ಲಿ, ಹನ್ನೊಂದನೇ ಮಹಡಿ.

"ಆಸ್ಪತ್ರೆ ಎಷ್ಟು ದೂರ?" ಅತ್ತೆ ಕೇಳಿದರು.

"ಐದ್ ನಿಮಿಷ ಅಮ್ಮಾ."

"ತರಕಾರಿ ಮಾರ್ಕೆಟ್ಟು?"

"ಐದೇ ನಿಮಿಷ."

"ರೈಲ್ವೆ ಸ್ಟೇಷನ್ನು?"

"ಒಂದೈದ್ ನಿಮಿಷ."

"ಸ್ಮಶಾನ?"

ಅವನು ಉಗುಳು ನುಂಗಿದ. "ಅದು ದೂರ ಅಮ್ಮಾ. ಹತ್ತು ನಿಮಿಷ."

ಅಂದಿನಿಂದ ನಮ್ಮ ಬಾಯಲ್ಲಿ ಅವನು ಐದ್ನಿಮಿಷ. ಮುಖದೆದುರಿಗೂ ಹಾಗೇ ಕರೆದೆವು. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ಅತ್ತೆ ಬಾಲ್ಕನಿಯಲ್ಲಿ ನಿಂತು ಕೈಗಡಿಯಾರ ನೋಡುತ್ತಾ ಕಾಲು ಗಂಟೆ ಕೆಳಗಿನ ರಸ್ತೆ ಕಾದರು. ಒಂದೂ ಬಸ್ಸು ಬರಲಿಲ್ಲ. "ಇದೇನು ಊರಾ, ಫೋಟೋನಾ?" ಎಂದು ಒಳಗೆ ಬಂದರು.

ಎರಡನೆಯದರಲ್ಲಿ ಬಸ್ಸಿತ್ತು. ಅಡುಗೆಮನೆ ಮಾತ್ರ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದಷ್ಟಿತ್ತು. "ಅತ್ತೆ-ಸೊಸೆ ಜಗಳಕ್ಕೆ ಅವಕಾಶವೇ ಇಲ್ಲ ನೋಡಿ," ಎಂದ ಐದ್ನಿಮಿಷ. ಕಿಟಕಿಯಾಚೆ ವಿಶಾಲವಾದ ಹುಲ್ಲು ಬಯಲು. "ಈ ನೋಟ ನಿಮ್ಮ ಜೀವನಪರ್ಯಂತ."

"ಮುಂದಿನ ವರ್ಷದವರೆಗೆ," ಎಂದೆ ನಾನು.

"ಯಾಕೆ ಮೇಡಂ? ಏನ್ ಬರುತ್ತೆ ಅಲ್ಲಿ?"

"ಕಸ ವಿಂಗಡಣೆ ಘಟಕ. ನಾನೇ ನೇರಳೆ ಬಣ್ಣ ಹಾಕಿದ್ದು."

"ಸ್ವಲ್ಪ ಮೆತ್ತಗೆ ಮೇಡಂ," ಎಂದು ಅವನು ಗೋಡೆಯ ಕಡೆ ಕೈ ತೋರಿಸಿದ. "ಪಕ್ಕದವರು ಮೊನ್ನೆ ತಾನೇ ತಗೊಂಡಿದಾರೆ. ಆ ನೋಟಕ್ಕೇಂತಲೇ."

ಕಾರಿಗೆ ವಾಪಸ್ಸು ಬಂದಾಗ ಅವನು ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು, ಒಂದು ನಿರ್ಧಾರಕ್ಕೆ ಬಂದವನಂತೆ ಡ್ಯಾಶ್‌ಬೋರ್ಡಿನಿಂದ ಮಡಚಿದ ಕಾಗದ ತೆಗೆದ. "ನೀವು ಸಾಮಾನ್ಯದವರಲ್ಲ ಅಂತ ಗೊತ್ತಾಯ್ತು. ಇದನ್ನ ಎಲ್ಲರಿಗೂ ತೋರ್ಸಲ್ಲ. ಇದು ಒಳಗಿನ ಮಾಹಿತಿ." ಕಾಗದವನ್ನು ಸೀಟುಗಳ ನಡುವೆ ಬಿಡಿಸಿದ. "ಹೊಸ ವರ್ತುಲ ರಸ್ತೆ. ನಾಲ್ಕು ವರ್ಷದ ಹಿಂದೆ ಸರ್ಕಾರಿ ನಕ್ಷೆಯಲ್ಲಿ ಬಂತು. ಬುದ್ಧಿವಂತರು ಅವತ್ತೇ ಹೋಗಿ ಸೈಟು ಹಿಡಿದ್ರು."

ಅದು ನನ್ನ ನಕ್ಷೆ. ಹಾಳೆ ಸಂಖ್ಯೆ ಏಳು, ಕರಡು ಪ್ರತಿ. ಬಣ್ಣದ ಜೆರಾಕ್ಸಿನ ಜೆರಾಕ್ಸು. ಆದರೂ ಅಂಚಿನಲ್ಲಿ ನನ್ನ ಅಂಕಿಗಳ ಕೈಬರಹ ಗುರುತು ಸಿಗುತ್ತಿತ್ತು. ನೈರುತ್ಯದ ಮೂಲೆಯಲ್ಲಿ, ಹಳದಿ ವಸತಿ ಪ್ರದೇಶದ ಮೇಲೆ, ಕಂದು ಬಣ್ಣದ ಒಂದು ಗುಂಡು ಗೆರೆ. ಯೋಜಿತ ರಸ್ತೆಗಳಿಗೆ ನಾವು ಹಾಕುವ ಕಂದು ಬಣ್ಣವೇ. ಸುಮಾರು ಐದು ಸೆಂಟಿಮೀಟರ್ ಅಗಲದ ವೃತ್ತ. ಅದರ ಪಕ್ಕದಲ್ಲಿ ಒಂದು ಪುಟ್ಟ ಕಂದು ಚುಕ್ಕೆ.

ನಾನು ಅಂಥ ರಸ್ತೆ ಬರೆದಿರಲಿಲ್ಲ.

"ಈ ಚುಕ್ಕೆ ಏನು?" ಎಂದು ಕೇಳಿದೆ.

"ಬಸ್ ನಿಲ್ದಾಣ ಮೇಡಂ."

ಮೊದಲು ಸೀನು ಬರುತ್ತಿದೆ ಎಂದುಕೊಂಡೆ. ಆಮೇಲೆ ಅದು ಮೂಗಿನಿಂದ ಹೊರಬಂತು, ಆಮೇಲೆ ಬಾಯಿಂದ. ನಾನು ನಗುತ್ತಿದ್ದೆ. ಹಾಳೆ ಏಳನ್ನು ಎದೆಗೆ ಒತ್ತಿಕೊಂಡು, ಮುಂದಿನ ಸೀಟಿಗೆ ಹಣೆ ಕೊಟ್ಟು, ಉಸಿರು ಸಿಗದೆ ನಗುತ್ತಿದ್ದೆ. ಐದ್ನಿಮಿಷ ಗಾಬರಿಯಾಗಿ ಕಾರಿನ ನಾಲ್ಕೂ ಕಿಟಕಿ ಇಳಿಸಿದ.

"ನೀರು ಕುಡಿಸ್ಲಾ ಅಮ್ಮಾ?"

"ಸುಮ್ನಿರು," ಎಂದರು ಅತ್ತೆ. ಅವರು ನನ್ನನ್ನೇ ನೋಡುತ್ತಿದ್ದರು. "ನಗ್ಲಿ ಬಿಡು. ಏನಾಯ್ತೇ?"

"ಇದು ರಸ್ತೆ ಅಲ್ಲ ಅತ್ತೆ. ಟೀ ಕಪ್ಪಿನ ಕಲೆ."

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ನಮ್ಮ ಕಚೇರಿಯ ಲಿಫ್ಟು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದ. ಕೆಲಸ ಮುಗಿಸಿ, ಕ್ಯಾಂಟೀನಿನಿಂದ ಎರಡು ಟೀ ಹಿಡಿದುಕೊಂಡು ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದ. ತಾನು ರಿಪೇರಿ ಮಾಡಿದ ಲಿಫ್ಟಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ನಾಲ್ಕು ವರ್ಷದ ಹಿಂದೆ ಒಂದು ಗುರುವಾರ ಕಪ್ಪನ್ನು ಹಾಳೆ ಏಳರ ಮೇಲೆ ಇಟ್ಟ. ನಾನು ಕಿರುಚಿದೆ. ಇದು ಊರಿನ ಮುಂದಿನ ಇಪ್ಪತ್ತು ವರ್ಷ ಕಣೋ ಎಂದೆ. "ಹೌದಾ?" ಎಂದು ಕಪ್ಪೆತ್ತಿ ನೋಡಿ, "ಸರಿ ಬಿಡು, ಇಲ್ಲೊಂದು ಟೀ ಅಂಗಡಿ ಹಾಕ್ಸು," ಎಂದ. ಮರುದಿನದಿಂದ ಹಾಳೆಗಳನ್ನು ಮೂವತ್ತು ದಿನ ಸಾರ್ವಜನಿಕರಿಗೆ ತೋರಿಸಲು ಹಜಾರದ ಗೋಡೆಗೆ ಅಂಟಿಸಬೇಕಿತ್ತು. ಹೊಸದು ಮುದ್ರಿಸಲು ಸಮಯವಿರಲಿಲ್ಲ. ಯಾರು ನೋಡುತ್ತಾರೆ ಎಂದು ಅದನ್ನೇ ಅಂಟಿಸಿದೆ. ಅಂತಿಮ ನಕ್ಷೆಯಲ್ಲಿ ಕಲೆ ಇರಲಿಲ್ಲ. ಆ ವಿಷಯ ಅಲ್ಲಿಗೆ ಮರೆತೂ ಹೋಗಿತ್ತು.

ಇದಿಷ್ಟನ್ನೂ ಬಿಕ್ಕಳಿಕೆಯ ಮಧ್ಯೆ ಹೇಳಿದೆ.

ಅತ್ತೆ ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು. ಗುಂಡು ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಸಿಟ್ಟಿನಿಂದ ಅಂದರು: "ಕಪ್ಪಿನ ಕೆಳಗೆ ತಟ್ಟೆ ಇಟ್ಕೋ ಅಂತ ಅವನಿಗೆ ಬಡ್ಕೊಂಡೆ. ಐದನೇ ವಯಸ್ಸಿಂದ ಬಡ್ಕೊಂಡೆ!"

ಅಷ್ಟು ಹೇಳಿದವರೇ ಅವರೂ ನಗತೊಡಗಿದರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕೆವು. ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸೆರಗು ಸಾಲದೆ ಐದ್ನಿಮಿಷನ ಕಾರು ಒರೆಸುವ ಬಟ್ಟೆಯನ್ನೇ ಕಿತ್ತುಕೊಂಡು ಮುಖ ಒರೆಸಿಕೊಂಡರು.

ಐದ್ನಿಮಿಷ ಮಾತ್ರ ನಗಲಿಲ್ಲ. ಅವನ ಮುಖ ಸುಣ್ಣದಂತಾಗಿತ್ತು. "ಟೀ ಕಲೆನಾ ಮೇಡಂ? ನಿಜವಾಗ್ಲೂ?"

"ಹಾಲು ಹಾಕಿದ ಟೀ."

"ಮೇಡಂ, ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ನಮ್ಮ ಭಾವನೇ ಅಲ್ಲಿ ತಗೊಂಡಿದಾನೆ." ಸ್ವಲ್ಪ ಯೋಚಿಸಿ, "ಆದ್ರೆ... ರಸ್ತೆ ಇದೆಯಲ್ಲ?" ಎಂದ.

"ಎಲ್ಲಿ?"

"ಅಲ್ಲೇ ಮೇಡಂ. ಗುಂಡಗೆ. ನಾನು ದಿನಾ ಓಡಾಡ್ತೀನಿ."

ಇರುವ ರಸ್ತೆಗಳು ನಮ್ಮ ಕಚೇರಿಯ ಮೂರನೇ ಮಹಡಿಯವರ ಪಾಲು. ಬರಲಿರುವ ರಸ್ತೆಗಳು ನಮ್ಮವು. ನಾವು ಊಟಕ್ಕೆ ಸೇರುತ್ತೇವೆ, ರಸ್ತೆಗಳ ಬಗ್ಗೆ ಮಾತಾಡುವುದಿಲ್ಲ. ಮೂರನೇ ಮಹಡಿಯ ಸಹೋದ್ಯೋಗಿಗೆ ಫೋನ್ ಹಚ್ಚಿದೆ. ರಜೆ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳಂತೆ.

"ನೈರುತ್ಯದ ಕಡೆ ಗುಂಡು ರಸ್ತೆ ಒಂದಿದೆಯಲ್ಲ, ಅದು ಯಾರದು?" ಎಂದು ಕೇಳಿದೆ.

"ನಿಮ್ಮದೇ ಅಲ್ವೇನೇ? ನಿಮ್ಮ ಮಹಡಿಯವರು ಯೋಜನೇಲಿ ಹಾಕಿದ್ರು, ಅಲ್ಲಿ ಹೋಗಿ ನೋಡಿದ್ರೆ ರಸ್ತೆ ಇತ್ತು, ನಾವು ಗುರುತು ಮಾಡ್ಕೊಂಡ್ವಿ. ಹೋದ ವರ್ಷ ನಗರಸಭೆ ವಹಿಸ್ಕೊಂಡು ಟಾರೂ ಹಾಕ್ತು. ಯಾಕೆ, ಸರಿ ಇಲ್ವಾ?"

"ತುಂಬಾ ಸರಿ ಇದೆ," ಎಂದು ಫೋನಿಟ್ಟೆ. ಮತ್ತೆ ನಗು ಬಂತು.

ಹೋಗಿ ನೋಡಿದೆವು. ನಡೆದದ್ದು ಇಷ್ಟು: ಮೊದಲು ಬಂದ ಬಿಲ್ಡರು ರಸ್ತೆ ಬರುತ್ತದೆ ಎಂದು ನಲವತ್ತಡಿ ಜಾಗ ಬಿಟ್ಟು ಅದಕ್ಕೆ ಮುಖ ಮಾಡಿ ಮನೆ ಕಟ್ಟಿದ. ಅವನನ್ನು ನೋಡಿ ಪಕ್ಕದವನೂ ಬಿಟ್ಟ. ಮೂರನೆಯವನು ಇಬ್ಬರು ಬಿಟ್ಟಿದ್ದಾರೆಂದರೆ ಏನೋ ಇದೆ ಎಂದು ಬಿಟ್ಟ. ಹೀಗೆ ಬಿಡುತ್ತಾ ಬಿಡುತ್ತಾ ಮೊದಲನೆಯವನ ಕಾಂಪೌಂಡಿಗೇ ಬಂದು ಸೇರಿದರು. ಜನ ನಡೆದರು, ಸಿಮೆಂಟಿನ ಲಾರಿ ನಡೆಯಿತು. ಕೊನೆಗೆ ಬಸ್ಸೂ ಬಂತು. ಬಸ್ಸಿಗೆ ನಿಲ್ಲಲು ಜಾಗ ಬೇಕಾದಾಗ ಎಲ್ಲರೂ ನಕ್ಷೆ ತೆಗೆದು ಚುಕ್ಕೆ ಎಲ್ಲಿದೆ ನೋಡಿದರು.

ರಸ್ತೆಯ ಎರಡೂ ಬದಿ ಎಳೆ ಮರಗಳು. ಔಷಧಿ ಅಂಗಡಿ, ಸೈಕಲ್ ಅಂಗಡಿ, ಕನ್ನಡಕದ ಅಂಗಡಿ. ಟೀ ಅಂಗಡಿಗಳು ನಾಲ್ಕಿದ್ದವು, ಅತ್ತೆ ಎಣಿಸಿದರು. ಎಲ್ಲಿ ನಿಂತರೂ ರಸ್ತೆ ಸ್ವಲ್ಪವೇ ಬಾಗಿ ಮರೆಯಾಗುತ್ತಿತ್ತು. ಯಾವ ಎಂಜಿನಿಯರೂ ಇಷ್ಟು ಚೆಂದದ ತಿರುವು ಬರೆಯಲಾರ ಎನಿಸಿತು. ಬರೆದರೂ ನಾವು ಮಂಜೂರು ಮಾಡುತ್ತಿರಲಿಲ್ಲ.

ಅಲ್ಲಿ ಐದ್ನಿಮಿಷ ತೋರಿಸಿದ ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ರೂಮು. ಅಡುಗೆಮನೆಯಲ್ಲಿ ಇಬ್ಬರು ನಿಂತು ಜಗಳವಾಡಬಹುದಿತ್ತು. ಗೋಡೆ ತಟ್ಟಿ ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ, ಸುತ್ತಮುತ್ತ ಖಾಲಿ ಜಾಗದ ಮೇಲೆ ನಾನು ಯಾವ ಬಣ್ಣ ಹಾಕಿದ್ದೆ ಎಂದು ನೆನಪು ಮಾಡಿಕೊಂಡೆ. ಒಂದು ಶಾಲೆ, ಒಂದು ಉದ್ಯಾನ. ನೇರಳೆ ಎಲ್ಲೂ ಇರಲಿಲ್ಲ.

"ಇದೇ," ಎಂದೆ.

ಅತ್ತೆ ಹಾಲಿನ ನಡುವೆ ನಿಂತಿದ್ದರು. ನಗು ಇಳಿದಿತ್ತು. "ಮನೆ ಒಳ್ಳೇದಿದೆ," ಎಂದವರು ಐದ್ನಿಮಿಷನ ಕಡೆ ತಿರುಗಿದರು. "ಇದೇ ಕಟ್ಟಡದಲ್ಲಿ ಒಂದು ರೂಮಿಂದು ಇದೆಯೇನಪ್ಪಾ?"

"ಮೂರನೇ ಮಹಡೀಲಿ ಒಂದಿದೆ ಅಮ್ಮಾ."

"ಅದನ್ನ ಬರ್ಕೋ."

"ಬರ್ಕೋಬೇಡಿ," ಎಂದೆ ನಾನು.

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಸಂಜೆ ಆರಕ್ಕೆ ಇನ್ನೊಂದು ಪಾರ್ಟಿ ಬರುತ್ತದೆ, ಎರಡಕ್ಕೂ ಗಿರಾಕಿ ಇದೆ, ಅಷ್ಟರೊಳಗೆ ಹೇಳಿಬಿಡಿ ಎಂದ. ಐದು ದಾಟಿತ್ತು. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಮಾತು ಬೇಡವಾದಾಗ ಅವರು ಬಸ್ಸು ಹತ್ತುತ್ತಾರೆ. ಗೇಟಿನೆದುರು ಒಂದು ಬಸ್ಸು ನಿಂತಿತ್ತು, ಹತ್ತಿಬಿಟ್ಟರು. ನಾನು ಓಡಿಹೋಗಿ ಹತ್ತಿದೆ.

ಕಿಟಕಿ ಪಕ್ಕ ಕೂತ ಅತ್ತೆಯ ಹತ್ತಿರ ಕಂಡಕ್ಟರ್ ಹುಡುಗಿ ಬಂದಳು.

"ಎರಡು. ಕೊನೇ ಸ್ಟಾಪು," ಎಂದರು ಅತ್ತೆ.

"ಕೊನೇ ಸ್ಟಾಪ್ ಇಲ್ಲಮ್ಮ. ಇದು ಸುತ್ತು ಬಸ್ಸು."

"ಕೊನೇ ಸ್ಟಾಪಿಲ್ದೆ ಇರೋ ಬಸ್ಸು ಎಲ್ಲಾದ್ರೂ ಉಂಟಾ? ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದಿದೀನಿ ನಾನು."

ಹುಡುಗಿ ನಿಂತ ನಿಲುವೇ ಬದಲಾಯಿತು. "ಓ, ನಮ್ಮ ಸೀನಿಯರು! ಹಾಗಾದ್ರೆ ಎಷ್ಟು ಸುತ್ತು ಬೇಕಾದ್ರೂ ಕೂತ್ಕೊಳಿ ಅಮ್ಮಾ. ಇಳಿಯೋಕೆ ಮನಸ್ಸಾದಾಗ ಹೇಳಿ."

ಬಸ್ಸು ಹೊರಟಿತು. ಒಂದು ಸುತ್ತಿಗೆ ಹನ್ನೆರಡು ನಿಮಿಷ. ನಮ್ಮ ಕಟ್ಟಡ ಮತ್ತೆ ಬಂತು, ಅದರೆದುರು ಐದ್ನಿಮಿಷ ಎರಡೂ ಕೈ ಎತ್ತಿ ನಿಂತಿದ್ದ. ಹಿಂದೆ ಸರಿದು ಹೋದ.

ಎರಡನೇ ಸುತ್ತಿನಲ್ಲಿ ಅತ್ತೆ ಬಾಯಿ ತೆರೆದರು. "ನಿನಗೆ ಮೂವತ್ತೊಂದು."

"ಗೊತ್ತು."

"ನಾನು ನಡುಮನೇಲಿ ಕಾಲು ಚಾಚಿ ಕೂತಿದ್ರೆ ನಾಳೆ ಯಾರು ಒಳಗೆ ಬರ್ತಾರೆ?"

"ಬರೋರು ನಿಮ್ಮನ್ನ ದಾಟ್ಕೊಂಡೇ ಬರ್ಲಿ."

"ತಮಾಷೆ ಮಾಡ್ಬೇಡ. ಇವತ್ತು ನಕ್ಕೆ ಅಂತ ನಾಳೇನೂ ನಗ್ತಿರ್ತೀಯಾ? ನನ್ನ ಮುಖ ನೋಡಿದಾಗೆಲ್ಲ ಅವನ ಮೂಗೇ ಕಾಣುತ್ತೆ ನಿಂಗೆ. ನಂಗೊತ್ತು. ಬೆಳಿಗ್ಗೆ ಎದ್ದು ಒಂದು ಸಲ ನೋಡಿ, ಮುಖ ತಿರುಗಿಸ್ಕೋತೀಯ."

ಅದು ನಿಜ. ಅವರು ಗಮನಿಸಿದ್ದಾರೆಂದು ತಿಳಿದಿರಲಿಲ್ಲ. ಕಿಟಕಿಯಾಚೆ ಸೈಕಲ್ ಅಂಗಡಿ ಹಾದುಹೋಯಿತು, ಕನ್ನಡಕದ ಅಂಗಡಿ ಹಾದುಹೋಯಿತು. ಬಸ್ಸು ಪೂರ್ತಿ ಒಂದು ಸುತ್ತು ಬರುವವರೆಗೂ ಅಂಗಡಿಗಳ ಬೋರ್ಡು ಓದುತ್ತಾ ಕೂತೆ. ಐದ್ನಿಮಿಷ ಈ ಸಲ ಕೈಗಡಿಯಾರ ತೋರಿಸುತ್ತಾ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದ.

"ಅತ್ತೆ," ಎಂದೆ.

"ಹೂಂ."

"ತಿರುಗಿಸ್ಕೋತೀನಿ. ಆದ್ರೆ ಒಂದು ಸಲ ನೋಡೋಕೇ ನಿಮ್ಮ ಹತ್ರ ಬರ್ತೀನಿ. ಎದ್ದ ತಕ್ಷಣ." ಧ್ವನಿ ನನ್ನದೆನಿಸಲಿಲ್ಲ. ಹಿಂದಿನ ಸೀಟಿನವರೂ ಕೇಳಿಸಿಕೊಳ್ಳುತ್ತಿದ್ದರು. "ಹೋಗ್ಬೇಡಿ. ನನ್ನ ಜೊತೆ ಇರಿ. ನಂಗೆ ನೀವು ಬೇಕು."

ಅತ್ತೆ ಹೊರಗೆ ನೋಡಿದರು. ಮುಂದಿನ ಸೀಟಿನ ಕಂಬಿ ಹಿಡಿದರು, ಬಿಟ್ಟರು. ಒಂದು ಸ್ಟಾಪು ಕಳೆಯಿತು.

"ಹದಿನಾಲ್ಕು ತಿಂಗಳಿಂದ ಒಂದು ಲೋಟ ನೀರು ಕೊಡಿ ಅಂತಾನೂ ಕೇಳಲಿಲ್ಲ ನೀನು," ಎಂದರು. "ಒಂದೇ ಒಂದು ದಿನ ಕೇಳಲಿಲ್ಲ. ನಾನಿದ್ರೆಷ್ಟು, ಹೋದ್ರೆಷ್ಟು ಅಂದ್ಕೊಂಡೆ."

"ಈಗ ಕೇಳ್ತಿದೀನಿ."

"ಈಗ ಕೇಳ್ತಿದೀಯ. ಬಸ್ಸಲ್ಲಿ, ಇಷ್ಟು ಜನರ ಎದುರಿಗೆ." ಮೂಗು ಒರೆಸಿಕೊಂಡರು. ಐದ್ನಿಮಿಷನ ಕಾರಿನ ಬಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು. "ನೋಡು, ನಾಳೆ ನಿಜವಾಗ್ಲೂ ಯಾರಾದ್ರೂ ಬಂದ್ರೆ?"

"ಬಂದ್ರೆ ಬರ್ಲಿ."

"ಟಿಕೆಟ್ ಇಲ್ದೆ ಒಬ್ಬನನ್ನೂ ಒಳಗೆ ಬಿಡಲ್ಲ ನಾನು."

"ಬಿಡ್ಬೇಡಿ."

"ಪಾಸು ಗೀಸು ಅಂದ್ರೂ ಬಿಡಲ್ಲ."

ಹಿಂದಿನ ಸೀಟಿನ ಹೆಂಗಸು ಕಿಸಕ್ಕೆಂದಳು. ಅತ್ತೆ ಅವಳ ಕಡೆ ತಿರುಗಿ, "ನಿಮ್ಮ ಸ್ಟಾಪ್ ಯಾವುದಮ್ಮಾ?" ಎಂದರು.

"ಆಗ್ಲೇ ಹೋಯ್ತು. ನಿಮ್ಮಿಬ್ಬರದು ಒಂದು ಇತ್ಯರ್ಥ ಆಗ್ಲಿ ಅಂತ ಕೂತಿದೀನಿ."

ಅತ್ತೆ ಫೋನ್ ತೆಗೆದು ಮಗಳಿಗೆ ಹಚ್ಚಿದರು. ನಮಸ್ಕಾರ, ಕುಶಲ ಏನೂ ಇಲ್ಲ. "ಆ ರೂಮಿಗೆ ಸಾಮಾನು ವಾಪಸ್ ಹಾಕ್ಕೋ... ಹೂಂ, ಬರಲ್ಲ... ಯಾಕೆ ಅಂದ್ರೆ ಏನು ಹೇಳ್ಲಿ? ಇಲ್ಲೊಂದು ಬಸ್ಸಿದೆ, ಅದಕ್ಕೆ ಕೊನೇ ಸ್ಟಾಪೇ ಇಲ್ಲ. ಆಮೇಲೆ ಹೇಳ್ತೀನಿ ಇಡು."

ನಮ್ಮ ಕಟ್ಟಡದ ಹತ್ತಿರ ಇಳಿದಾಗ ಆರಕ್ಕೆ ಎಂಟು ನಿಮಿಷವಿತ್ತು. ಹಿಂದಿನ ಸೀಟಿನ ಹೆಂಗಸೂ ನಮ್ಮೊಡನೆ ಇಳಿದು, ತಪ್ಪು ದಿಕ್ಕಿಗೆ ಎರಡು ಹೆಜ್ಜೆ ಹಾಕಿ, ಹೇಗೂ ಗುಂಡಗಿದೆ ಎಂದು ಅದೇ ದಿಕ್ಕಿಗೆ ಹೊರಟುಹೋದಳು. ಐದ್ನಿಮಿಷ ನಮ್ಮ ಮುಂದೆ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದ. ಅತ್ತೆ ನೇರ ಒಳಗೆ ನಡೆದು, ರಸ್ತೆ ಕಡೆಯ ದೊಡ್ಡ ರೂಮಿನ ಕಿಟಕಿ ದೂಡಿ, ಸೊಂಟಕ್ಕೆ ಕೈಯಿಟ್ಟು ನಿಂತರು.

"ಇದು ನಂದು."

"ಅದರಲ್ಲಿ ನನ್ನ ನಕ್ಷೆ ಮೇಜು ಹಾಕ್ಬೇಕಿತ್ತು ಅತ್ತೆ."

"ಮೇಜಿಗೆ ಬಸ್ಸು ನೋಡೋ ಚಟ ಇದೆಯಾ?"

"ಬೆಳಕು ಬೇಕಲ್ಲ."

"ಹಗಲು ಮೇಜು ಹಾಕ್ಕೋ, ರಾತ್ರಿ ತೆಗಿ."

"ನಾಲ್ಕಡಿ ಮೇಜನ್ನ ದಿನಾ ಎತ್ತಿಡ್ಲಾ?"

"ವಯಸ್ಸಿದೆ ನಿನಗೆ."

ಐದ್ನಿಮಿಷ ಪೆನ್ನಿನ ಮುಚ್ಚಳ ತೆಗೆದು ಬಾಗಿಲಲ್ಲಿ ನಿಂತಿದ್ದ. "ಹಾಗಾದ್ರೆ ಎರಡು ರೂಮಿಂದೇ ಬರ್ಕೊಳ್ಲಾ?"

"ಬರ್ಕೊಳಯ್ಯಾ," ಎಂದರು ಅತ್ತೆ ತಿರುಗದೆ. "ಅದರಲ್ಲಿ ಕೇಳೋದೇನಿದೆ?" ಮತ್ತೆ ನನಗೆ, "ಮೂರಡೀದು ಇನ್ನೊಂದು ಮೇಜು ಸಿಗಲ್ವೇನೇ?" ಎಂದರು.